ನಾಸಿಕ್ ಕೋರ್ಟಿನಲ್ಲಿ ನನ್ನ ತಮ್ಮನ ಹೆಸರು



ಮೊದಲೇ ಹೇಳಿಬಿಡ್ತೀನಿ, ನಾನು ವಕೀಲ ಅಲ್ಲ. ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡ್ತೀನಿ. ಊರು ಬೀದರ್ ಜಿಲ್ಲೆಯ ಭಾಲ್ಕಿ ಕಡೆ. ಇವತ್ತು ಕೋರ್ಟಿನ ದಾಖಲೆ ಹುಡುಕೋದು ಹೇಗೆ ಅಂತ ಮಾತಾಡೋಕೆ ಬಂದಿದ್ದೀನಿ. ಇದನ್ನ ನಾನು ಪುಸ್ತಕ ಓದಿ ಕಲಿತಿದ್ದಲ್ಲ, ಹೋದ ವರ್ಷ ಒಂದು ವಾರದಲ್ಲಿ ಅನಿವಾರ್ಯವಾಗಿ ಕಲಿತಿದ್ದು.

ಒಂದು ಶುಕ್ರವಾರ ಸಂಜೆ ನನ್ನ ತಮ್ಮ ಫೋನ್ ಮಾಡಿದ. ಹಳೇ ಕಂಪನಿಗೆ ರಾಜೀನಾಮೆ ಕೊಟ್ಟಾಗಿತ್ತು, ನೋಟಿಸ್ ಪೀರಿಯಡ್ ಮುಗಿದಿತ್ತು, ಹೊಸ ಕಂಪನಿ ಸೇರೋಕೆ ಹತ್ತು ದಿನ ಬಾಕಿ. ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಮಾಡೋ ಒಂದು ಸಂಸ್ಥೆಯಿಂದ ಮೇಲ್ ಬಂದಿದೆ. ಶಾಲೆ, ಕಾಲೇಜು, ಹಳೇ ಕೆಲಸ, ಎಲ್ಲದರ ಮುಂದೆ ಹಸಿರು. ಕ್ರಿಮಿನಲ್ ಕೋರ್ಟ್ ಚೆಕ್ ಮುಂದೆ ಮಾತ್ರ ಕೆಂಪು. 'ದಾಖಲೆ ಸಿಕ್ಕಿದೆ. ನಾಸಿಕ್ ಜಿಲ್ಲಾ ಮತ್ತು ಸತ್ರ ನ್ಯಾಯಾಲಯ, ಸೆಷನ್ಸ್ ಕೇಸ್, ಐಪಿಸಿ 307. ಏಳು ಕೆಲಸದ ದಿನದೊಳಗೆ ವಿವರಣೆ ಕೊಡಿ.'

"ಅಣ್ಣಾ, 307 ಅಂದ್ರ ಏನು?" ಅಂದ.

"ಕೊಲೆ ಯತ್ನ."

ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದಿಲ್ಲ. ಆಮೇಲೆ, "ನಾ ಯಾರಿಗೂ ಕೈ ಎತ್ತಿಲ್ಲ. ನಿನಗ ಗೊತ್ತದ" ಅಂದ.

ನನಗೆ ಗೊತ್ತಿತ್ತು. ಆದರೆ ಕೇಸು 2012ರದ್ದು, ಅದೇ ವರ್ಷ ಇವನು ನಾಸಿಕ್‌ನ ಅಂಬಡ್ ಎಂಐಡಿಸಿಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಹೆಸರು ಅದೇ, ಅಡ್ಡಹೆಸರು ಪಾಟೀಲ. ಬೀದರ್ ಬಸ್ ಸ್ಟ್ಯಾಂಡಿನಲ್ಲಿ ನಿಂತು ಆ ಹೆಸರು ಕೂಗಿದರೆ ಹತ್ತು ಜನ ತಿರುಗಿ ನೋಡ್ತಾರೆ, ನಾಸಿಕ್ ಬಸ್ ಸ್ಟ್ಯಾಂಡಿನಲ್ಲಿ ಕೂಗಿದರೆ ಇಪ್ಪತ್ತು. (ನಗು) ಆದರೆ ಎಚ್‌ಆರ್‌ಗೆ ಅದನ್ನ ಹೇಳಿದರೆ ಸಾಕಾಗಲ್ಲ. ಕಾಗದ ಬೇಕು.

ಆವತ್ತು ರಾತ್ರಿ ಇಬ್ಬರೂ ಲ್ಯಾಪ್‌ಟಾಪ್ ಮುಂದೆ ಕೂತ್ವಿ. ಈ-ಕೋರ್ಟ್ಸ್ ಸೇವೆ ಅಂತ ಸರಕಾರದ ಜಾಲತಾಣ ಇದೆ, ದೇಶದ ಎಲ್ಲ ಜಿಲ್ಲೆಯ ಕೋರ್ಟುಗಳಿಗೂ ಅದೇ ಬಾಗಿಲು. ಮೊದಲು ರಾಜ್ಯ, ಆಮೇಲೆ ಜಿಲ್ಲೆ, ಆಮೇಲೆ ಯಾವ ಕೋರ್ಟ್ ಕಾಂಪ್ಲೆಕ್ಸ್ ಅಂತ ಆರಿಸಬೇಕು. ಇಲ್ಲೇ ಬಹಳ ಜನ ಎಡವೋದು. ನಾಸಿಕ್ ಜಿಲ್ಲೆ ಅಂದ್ರೆ ನಾಸಿಕ್ ಊರಿನ ಕೋರ್ಟು ಒಂದೇ ಅಲ್ಲ. ಮಾಲೇಗಾಂವ್, ನಿಫಾಡ್, ಯೇವಲಾ, ಸಿನ್ನರ್, ಹೀಗೆ ಬೇರೆ ತಾಲೂಕುಗಳಲ್ಲೂ ಕೋರ್ಟಿದೆ. ಒಂದರಲ್ಲಿ ಹುಡುಕಿ 'ಇಲ್ಲ' ಅಂತ ಬಂದರೆ ಜಿಲ್ಲೆಯಲ್ಲೇ ಇಲ್ಲ ಅಂತ ಅರ್ಥ ಅಲ್ಲ. ಇನ್ನು ಒಂದು ಹೆಸರು ಹಾಕಿದರೆ ಇಡೀ ದೇಶದ ಕೇಸು ಒಟ್ಟಿಗೆ ಬರೋ ಹುಡುಕಾಟ ಆ ಸರಕಾರಿ ತಾಣದಲ್ಲಿಲ್ಲ. ಜಿಲ್ಲೆ ಜಿಲ್ಲೆಯಾಗಿ, ಕೋರ್ಟು ಕೋರ್ಟಾಗಿ ಹೋಗಬೇಕು.

ಹುಡುಕೋಕೆ ಹಲವು ದಾರಿ ಇದೆ: ಪಕ್ಷಗಾರರ ಹೆಸರು, ಕೇಸ್ ನಂಬರ್, ಎಫ್‌ಐಆರ್ ನಂಬರ್, ವಕೀಲರ ಹೆಸರು. ಎಲ್ಲಕ್ಕಿಂತ ನೇರವಾದದ್ದು ಸಿಎನ್‌ಆರ್ ಅನ್ನೋ ಹದಿನಾರು ಅಕ್ಷರದ ಗುರುತು. ಪ್ರತಿ ಕೇಸಿಗೂ ಒಂದೇ ಒಂದು. ಮೊದಲೆರಡು ಅಕ್ಷರ ರಾಜ್ಯ, ಮುಂದಿನೆರಡು ಜಿಲ್ಲೆ, ಆಮೇಲೆ ಕೋರ್ಟಿನ ಸಂಖ್ಯೆ, ಕೇಸಿನ ಕ್ರಮಸಂಖ್ಯೆ, ಕೊನೆಗೆ ನಾಲ್ಕಂಕಿಯ ವರ್ಷ. ನಮಗೆ ಡೇಟಾಬೇಸ್‌ನ ಪ್ರೈಮರಿ ಕೀ ಇದ್ದ ಹಾಗೆ. ಸಿಎನ್‌ಆರ್ ಸಿಕ್ಕರೆ ಹೆಸರಿನ ಗೊಂದಲ ಮುಗೀತು. ನಿಮಗೆ ಯಾರಾದರೂ 'ದಾಖಲೆ ಸಿಕ್ಕಿದೆ' ಅಂದರೆ ಮೊದಲು ಕೇಳಬೇಕಾದ್ದು ಅದನ್ನೇ. ನಮಗೆ ಬಂದ ಮೇಲ್‌ನಲ್ಲಿ ಅದಿರಲಿಲ್ಲ, ಹೆಸರು ಮತ್ತು ವರ್ಷ ಮಾತ್ರ.

ಹೆಸರಿನಿಂದ ಹುಡುಕುವಾಗ ಕನಿಷ್ಠ ಮೂರು ಅಕ್ಷರ ಮತ್ತು ನೋಂದಣಿಯ ವರ್ಷ ಹಾಕಬೇಕು. ಬಾಕಿ ಇರೋ ಕೇಸು, ಮುಗಿದ ಕೇಸು, ಎರಡೂ, ಅಂತ ಮೂರು ಗುಂಡಿ ಇರುತ್ತೆ. 'ಎರಡೂ' ಒತ್ತಬೇಕು, ಇಲ್ಲದಿದ್ರೆ ಅರ್ಧ ಕಥೆ ಸಿಗುತ್ತೆ. ನಮ್ಮ ಹೆಸರುಗಳ ಕಾಟ ಬೇರೆ. ನಾವು ಬಸವರಾಜ ಅಂತೀವಿ. ಮರಾಠಿ ಬರಹಗಾರರು ಅದನ್ನ ಇಂಗ್ಲಿಷಿಗೆ ತರುವಾಗ ಒಮ್ಮೆ ವಿ, ಒಮ್ಮೆ ಡಬ್ಲ್ಯೂ, ಒಮ್ಮೆ ನಡುವಿನ ಎ ಮಾಯ. ನಮ್ಮ ಇನಿಷಿಯಲ್ ಪದ್ಧತಿಯೂ ಅಲ್ಲಿಲ್ಲ. ತನ್ನ ಹೆಸರು, ತಂದೆ ಹೆಸರು, ಅಡ್ಡಹೆಸರು ಅಂತ ಮೂರು ಬರೀತಾರೆ. ಅದಕ್ಕೆ ಪೂರ್ತಿ ಹೆಸರು ಹಾಕೋ ಬದಲು ಬದಲಾಗದ ಮೂರು ನಾಲ್ಕು ಅಕ್ಷರ ಮಾತ್ರ ಹಾಕಿ, ಪಟ್ಟಿ ಉದ್ದ ಬಂದರೂ ಕೂತು ಓದಿ.

ಅರ್ಧ ಗಂಟೆಯಲ್ಲಿ ಆ ಕೇಸು ಸಿಕ್ಕಿತು. 'ಮಹಾರಾಷ್ಟ್ರ ಸರಕಾರ ವಿರುದ್ಧ' ನನ್ನ ತಮ್ಮನ ಹೆಸರು. ತಂದೆ ಹೆಸರಿಲ್ಲ, ವಯಸ್ಸಿಲ್ಲ, ವಿಳಾಸ ಇಲ್ಲ. ಪೊಲೀಸ್ ಠಾಣೆ, ಎಫ್‌ಐಆರ್ ನಂಬರ್, ಕಲಮು ಇದೆ. ಸ್ಥಿತಿ: 'ಕೇಸ್ ಡಿಸ್ಪೋಸ್ಡ್'. ವಿಲೇವಾರಿಯ ಬಗೆ: 'ಕಂಟೆಸ್ಟೆಡ್, ಜಡ್ಜ್‌ಮೆಂಟ್'. ತೀರ್ಪಿನ ಪ್ರತಿ ಮಾತ್ರ ಅಪ್‌ಲೋಡ್ ಆಗಿರಲಿಲ್ಲ.

ಈ 'ಡಿಸ್ಪೋಸ್ಡ್' ಅನ್ನೋ ಪದ ನೋಡಿ. ಕೇಸು ಮುಗಿದಿದೆ ಅಂತಷ್ಟೇ ಅದರ ಅರ್ಥ. ಜೀವಾವಧಿ ಆದರೂ ಡಿಸ್ಪೋಸ್ಡ್, ಬಿಡುಗಡೆ ಆದರೂ ಡಿಸ್ಪೋಸ್ಡ್. ವೆರಿಫಿಕೇಷನ್ ಮಾಡಿದವರು ಇಲ್ಲಿಗೇ ನಿಂತು 'ದಾಖಲೆ ಸಿಕ್ಕಿದೆ' ಅಂತ ಕೆಂಪು ಬಳಿದು ಕಳಿಸಿದ್ದರು. ಒಳಗೆ ಯಾರಿದ್ದಾರೆ, ಕೊನೆಗೆ ಏನಾಯ್ತು, ಅವರಿಗೂ ಗೊತ್ತಿಲ್ಲ.

ಸೋಮವಾರ ರಜೆ ಹಾಕಿ ಬೆಳಗ್ಗೆ ಐದಕ್ಕೆ ಕಾರಿನಲ್ಲಿ ನಾಸಿಕ್‌ಗೆ ಹೊರಟ್ವಿ. ಜಿಲ್ಲಾ ಕೋರ್ಟು ಹಳೇ ಆಗ್ರಾ ರಸ್ತೆಯಲ್ಲಿ, ಸಿಬಿಎಸ್ ಬಸ್ ನಿಲ್ದಾಣದ ಹತ್ತಿರವೇ ಇದೆ. ಮಹಾರಾಷ್ಟ್ರದ ಕೋರ್ಟಿನಲ್ಲಿ 'ಸರ್ಟಿಫೈಡ್ ಕಾಪಿ ಎಲ್ಲಿ' ಅಂತ ಹುಡುಕಬೇಡಿ, 'ನಕ್ಕಲ್ ವಿಭಾಗ' ಅಂತ ಕೇಳಿ. ನಮ್ಮ ನಕಲು ಇದೆಯಲ್ಲ, ಅದೇ. ಅಲ್ಲಿದ್ದ ಹಿರಿಯರೊಬ್ಬರು ಚೀಟಿ ನೋಡಿ, "ಗು.ರ.ನಂ. ಆಹೇ ಕಾ, ಭಾವೂ?" ಅಂದ್ರು. ಗುನ್ಹಾ ರಜಿಸ್ಟರ್ ನಂಬರ್. ನಮ್ಮ ಕಡೆ ಕ್ರೈಂ ನಂಬರ್ ಅಂತೀವಲ್ಲ, ಅದು. ಬರ್ಕೊಂಡು ಹೋಗಿದ್ವಿ, ಬಚಾವಾದ್ವಿ.

ಬೀದರ್, ಕಲಬುರಗಿ, ರಾಯಚೂರು ಕಡೆಯವರಿಗೆ ಒಂದು ಅನುಕೂಲ ಇದೆ. ನಾವೂ ಮರಾಠವಾಡದವರೂ 1948ರ ತನಕ ಒಂದೇ ನಿಜಾಮನ ರಾಜ್ಯದಲ್ಲಿದ್ದೋರು, 1956ರ ತನಕ ಒಂದೇ ಹೈದರಾಬಾದ್ ರಾಜ್ಯ. ಕಚೇರಿಯ ಮಾತು ಅರ್ಧ ಹಂಚಿಕೊಂಡಿದ್ದೀವಿ. ಫಿರ್ಯಾದಿ, ಆರೋಪಿ, ಪಂಚನಾಮೆ, ಜಾಮೀನು, ಮುದ್ದೆಮಾಲು, ಎಲ್ಲ ಹಾಗೇ ಇದೆ. 'ನಿಕಾಲ್' ಅಂದ್ರೆ ತೀರ್ಪು. 'ಖಟಲಾ' ಅಂದ್ರೆ ಮೊಕದ್ದಮೆ. 'ಸತ್ರ ನ್ಯಾಯಾಲಯ' ಇಲ್ಲೂ ಅಲ್ಲೂ ಒಂದೇ. 'ರಾ.' ಅಂತ ಬರೆದು ಊರಿನ ಹೆಸರು ಬರೆದಿದ್ರೆ ವಾಸಸ್ಥಳ. ದೇವನಾಗರಿ ಓದೋಕೆ ಬಂದರೆ ಕಾಗದದ ಮುಖ್ಯ ಸಂಗತಿ ಗೊತ್ತಾಗುತ್ತೆ.

ಆದರೆ ಮೋಸ ಮಾಡೋ ಪದಗಳೂ ಇವೆ. ನಮ್ಮಲ್ಲಿ ಎಸ್‌ಸಿ ಅಂದ್ರೆ ಸೆಷನ್ಸ್ ಕೇಸ್, ಸಿಸಿ ಅಂದ್ರೆ ಕ್ರಿಮಿನಲ್ ಕೇಸ್. ಮಹಾರಾಷ್ಟ್ರದಲ್ಲಿ ಆರ್‌ಸಿಸಿ, ಎಸ್‌ಸಿಸಿ ಅಂತ ಕಾಣುತ್ತೆ. ಆರ್‌ಸಿಸಿ ಅಂದ್ರೆ ರೆಗ್ಯುಲರ್ ಕ್ರಿಮಿನಲ್ ಕೇಸ್, ಮ್ಯಾಜಿಸ್ಟ್ರೇಟ್ ಮುಂದೆ ನಡೆಯೋದು. ಎಸ್‌ಸಿಸಿ ಸಮ್ಮರಿ ಕ್ರಿಮಿನಲ್ ಕೇಸ್, ಚೆಕ್ ಬೌನ್ಸ್ ಥರದ್ದು, ಸಣ್ಣ ಅಪರಾಧದ್ದು. ಅದನ್ನ ನೋಡಿ ಸೆಷನ್ಸ್ ಕೇಸ್ ಅಂತ ಗಾಬರಿ ಬೀಳಬೇಡಿ. ಇನ್ನೊಂದು, ಪೊಲೀಸರು ತನಿಖೆ ಮುಗಿಸಿ ಕೊಡೋ ವರದಿ. ಕನ್ನಡ ಪೇಪರ್ ಓದೋರಿಗೆಲ್ಲ 'ಬಿ ರಿಪೋರ್ಟ್' ಗೊತ್ತು. ಮಹಾರಾಷ್ಟ್ರದಲ್ಲಿ ಎ ಸಮ್ಮರಿ, ಬಿ ಸಮ್ಮರಿ, ಸಿ ಸಮ್ಮರಿ ಅಂತ ಮೂರು. ನಮ್ಮಲ್ಲಿ ಪತ್ತೆಯಾಗದ ಪ್ರಕರಣಕ್ಕೆ ಸಿ ರಿಪೋರ್ಟ್ ಅಂದ್ರೆ, ಅಲ್ಲಿ ಅದು ಎ ಸಮ್ಮರಿ. ಅಲ್ಲಿಯ ಬಿ ಸಮ್ಮರಿ ಅಂದ್ರೆ ದೂರೇ ದುರುದ್ದೇಶದ ಸುಳ್ಳು. ಸಿ ಅಂದ್ರೆ ತಪ್ಪು ತಿಳಿವಳಿಕೆಯದ್ದು ಅಥವಾ ಸಿವಿಲ್ ಸ್ವರೂಪದ್ದು. ಗಡಿ ದಾಟಿದ ಕೂಡಲೇ ಅಕ್ಷರದ ಅರ್ಥ ಬದಲಾಗುತ್ತೆ.

ಅಮೆರಿಕದಲ್ಲಿರೋ ಸ್ನೇಹಿತರು ಕೇಳ್ತಾರೆ, ನಮ್ಮಲ್ಲಿ ಫೆಲನಿ ಅನ್ನೋದು ಯಾವುದು ಅಂತ. ಆ ಪದ ನಮ್ಮ ಕಾನೂನಿನಲ್ಲಿಲ್ಲ. ಅಲ್ಲಿ ಸಾಮಾನ್ಯವಾಗಿ ಒಂದು ವರ್ಷಕ್ಕಿಂತ ಹೆಚ್ಚು ಸೆರೆವಾಸದ ಅಪರಾಧ ಫೆಲನಿ, ಕಾಗದ ಕೌಂಟಿಯ ಕೋರ್ಟ್ ಕ್ಲರ್ಕ್ ಹತ್ತಿರ. ನಮ್ಮಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಶಿಕ್ಷೆ ಇರೋದು ವಾರಂಟ್ ಕೇಸು, ಉಳಿದದ್ದು ಸಮನ್ಸ್ ಕೇಸು. ಅದರಲ್ಲೂ ಕೊಲೆ, ಕೊಲೆಯತ್ನದಂಥ ಭಾರಿ ಅಪರಾಧ ಸೆಷನ್ಸ್ ಕೋರ್ಟಿಗೆ. ಹೀಗಾಗಿ ಭಾರಿ ಕೇಸಿನ ಕಡತ ಜಿಲ್ಲಾ ಕೇಂದ್ರದಲ್ಲೋ ಸೆಷನ್ಸ್ ಕೋರ್ಟಿರೋ ತಾಲೂಕಿನಲ್ಲೋ ಇರುತ್ತೆ, ಸಣ್ಣದು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ. 2024ರ ಜುಲೈ 1ರಿಂದ ಹೊಸ ಕಾನೂನು ಬಂದು ಕಲಮಿನ ಸಂಖ್ಯೆ ಬದಲಾಗಿದೆ, ಐಪಿಸಿ 307 ಈಗ ನ್ಯಾಯ ಸಂಹಿತೆಯ 109. ಹಳೇ ಕೇಸಿನ ಕಾಗದದಲ್ಲಿ ಹಳೇ ಸಂಖ್ಯೆಯೇ ಇರುತ್ತೆ.

ನಕ್ಕಲ್ ವಿಭಾಗಕ್ಕೆ ವಾಪಸ್ ಬರ್ತೀನಿ. ಪ್ರತಿ ಯಾರಿಗೆ ಸಿಗುತ್ತೆ? ಆರೋಪಿಗೆ, ಫಿರ್ಯಾದಿಗೆ, ತೀರ್ಪಿನಿಂದ ತೊಂದರೆಗೊಳಗಾದವರಿಗೆ ಅರ್ಜಿ ಹಾಕಿ ಶುಲ್ಕ ಕಟ್ಟಿದರೆ ಸಿಗುತ್ತೆ. ಹೊರಗಿನವರಾದರೆ ಯಾಕೆ ಬೇಕು ಅಂತ ಕಾರಣ ಹೇಳಬೇಕು, ನ್ಯಾಯಾಧೀಶರ ಅಪ್ಪಣೆ ಆಗಬೇಕು. ನಮ್ಮದು ವಿಚಿತ್ರ ಪರಿಸ್ಥಿತಿ. ತಮ್ಮ ಆರೋಪಿ ಅಂತ ಹೇಳಿಕೊಂಡರೆ ಸುಳ್ಳು. ಅಲ್ಲ ಅಂದರೆ ಹೊರಗಿನವ. ಅಲ್ಲೇ ಒಬ್ಬ ವಕೀಲರನ್ನ ಹಿಡಿದು ಅಫಿಡವಿಟ್ ಬರೆಸಿದ್ವಿ: 'ನನ್ನ ಹೆಸರು ಆರೋಪಿಯ ಹೆಸರಿನ ಹಾಗೇ ಇದೆ, ಆ ವ್ಯಕ್ತಿ ನಾನಲ್ಲ ಎಂದು ತೋರಿಸಲು ತೀರ್ಪಿನ ಪ್ರತಿ ಬೇಕು.' ಆಧಾರ್, ಪಾನ್, ಕಾರ್ಖಾನೆಯ ಹಾಜರಾತಿ ಪತ್ರ ಲಗತ್ತಿಸಿದ್ವಿ. ಅರ್ಜಿ ತಗೊಂಡ್ರು. ಕಡತ ರೆಕಾರ್ಡ್ ರೂಮಿನಿಂದ ಬರಬೇಕು, ಗುರುವಾರ ಬನ್ನಿ ಅಂದ್ರು.

ಹೊರಗೆ ಟೀ ಕುಡೀತಾ ನಾನಂದೆ, "ನೋಡು, ಅವರು ನಿನ್ನ ಎಲ್ಲ ಹಳೇ ವಿಳಾಸ ಕೇಳಿದಾರ. ನಾಸಿಕ್‌ಗಿಂತ ಮೊದಲ ನೀ ಸಂಭಾಜಿನಗರದಾಗ ಇದ್ದಿ. ನಡಿ, ಅಲ್ಲೂ ಒಂದ್ಸಲ ನೋಡಿಬಿಡೋಣು." ಛತ್ರಪತಿ ಸಂಭಾಜಿನಗರ, ಹಳೇ ಔರಂಗಾಬಾದ್. ಅದರ ಹತ್ತಿರದ ವಾಳೂಜ್ ಎಂಐಡಿಸಿಯಲ್ಲಿ ಎರಡು ವರ್ಷ ಇದ್ದ. ಅವನೇನೂ ಮಾತಾಡಲಿಲ್ಲ. ಮಂಗಳವಾರ ಬೆಳಗ್ಗೆ ನಿಫಾಡ್, ಯೇವಲಾ, ವೈಜಾಪುರದ ದಾರಿ ಹಿಡಿದ್ವಿ. ಯೇವಲಾ ದಾಟಿದ ಮೇಲೆ ಕಿಟಕಿ ಕಡೆ ಮುಖ ಮಾಡ್ಕೊಂಡು ಹೇಳಿದ:

"ಅಣ್ಣಾ, ವಾಳೂಜ್‌ನಾಗ ಇದ್ದಾಗ ಒಂದ್ಸಲ ಗಾಡಿ ಒಬ್ಬ ಅಜ್ಜಗ ತಾಗಿತ್ತು. ಕೋರ್ಟಿಗಿ ಹೋಗಿ ದಂಡ ಕಟ್ಟೀನಿ."

"ಮನ್ಯಾಗ ಹೇಳಿಲ್ಲಲ್ಲ?"

"ಅವ್ವ ಅಂಜತಾಳಂತ ಹೇಳಿಲ್ಲ. ಅಜ್ಜಗ ಕೈಗಿ ಪೆಟ್ಟಾಗಿತ್ತು, ಆರಾಮಾದ. ತಪ್ಪೊಪ್ಕೊಂಡು ದಂಡ ಕಟ್ಟು, ಮುಗೀತದ ಅಂದ್ರು ಎಲ್ಲಾರೂ. ಮುಗೀತು ಅಂತ ತಿಳ್ಕೊಂಡಿದ್ದ ನಾ."

ನಾನು ಗಾಡಿ ಪಕ್ಕಕ್ಕೆ ಹಾಕಿದೆ. ಆ ಕಂಪನಿಯ ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: 'ಯಾವುದೇ ಅಪರಾಧದಲ್ಲಿ ನಿಮಗೆ ಎಂದಾದರೂ ಶಿಕ್ಷೆ ಆಗಿದೆಯೇ?' ಇವನು 'ಇಲ್ಲ' ಅಂತ ಟಿಕ್ ಮಾಡಿದ್ದ. ಮನಸ್ಸಿನಲ್ಲಿ ಕಪಟ ಇಲ್ಲದೇ ಮಾಡಿದ್ದ. ಆದರೆ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟೋದು ಅಂದ್ರೆ ಟ್ರಾಫಿಕ್ ಪೊಲೀಸರ ಚಲನ್ ಕಟ್ಟಿದ ಹಾಗಲ್ಲ. ಅದು ಅಪರಾಧಿ ಅಂತ ತೀರ್ಮಾನ ಆಗಿ ಬಿದ್ದ ಶಿಕ್ಷೆ. ಮೊತ್ತ ಎಷ್ಟೇ ಸಣ್ಣದಿರಲಿ.

ಸಂಭಾಜಿನಗರದಲ್ಲಿ ಜಿಲ್ಲಾ ಕೋರ್ಟಿರೋ ರಸ್ತೆಯ ಹೆಸರೇ ಅದಾಲತ್ ರಸ್ತೆ. ಊರಿನ ಹೆಸರು 2023ರ ಫೆಬ್ರುವರಿಯಲ್ಲಿ ಬದಲಾಯ್ತು, ಜಿಲ್ಲೆಯದ್ದು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ. ಹಳೇ ಆದೇಶಗಳಲ್ಲಿ ಔರಂಗಾಬಾದ್ ಅಂತಲೇ ಇದೆ, ಕೇಸಿನ ಸಿಎನ್‌ಆರ್ ಕೂಡ 'ಎಂಎಚ್‌ಎಯು' ಅಂತ ಶುರುವಾಗುತ್ತೆ. ಈ-ಕೋರ್ಟ್ಸ್ ತಾಣದಲ್ಲಿ ಸಿಎನ್‌ಆರ್ ಹೀಗಿರುತ್ತೆ ಅಂತ ತೋರಿಸೋ ಉದಾಹರಣೆಯೇ ಈ ಜಿಲ್ಲೆಯದ್ದು. ದೇಶದಲ್ಲಿ ಯಾರೇ ಕೇಸು ಹುಡುಕೋಕೆ ಹೋದರೂ ಮೊದಲು ಕಾಣೋದು ಔರಂಗಾಬಾದ್‌ನ ಎರಡು ಅಕ್ಷರ. ಎರಡೂ ಹೆಸರು ನೆನಪಿಡಿ, ವಿದೇಶಕ್ಕೆ ಕಾಗದ ಕಳಿಸುವಾಗ ಎರಡೂ ಒಂದೇ ಊರು ಅಂತ ಒಂದು ಸಾಲು ಬರೆದುಬಿಡಿ.

ತಮ್ಮನ ಕೇಸು ಮೂರನೇ ಸಲ ಹೆಸರಿನ ಅಕ್ಷರ ಬದಲಿಸಿದಾಗ ಸಿಕ್ಕಿತು. ಮ್ಯಾಜಿಸ್ಟ್ರೇಟ್ ಕೋರ್ಟು, ಎಸ್‌ಸಿಸಿ, 2011. ಇಲ್ಲಿ ಅವನೇ ಆರೋಪಿ, ಆದ್ದರಿಂದ ಅಫಿಡವಿಟ್ ಬೇಕಾಗಲಿಲ್ಲ. ಬುಧವಾರ ಸಂಜೆ ಪ್ರತಿ ಕೈಗೆ ಬಂತು. ಒಂದೂವರೆ ಪುಟ. ಐಪಿಸಿ 279, 337. ಆರೋಪಿ ಸ್ವಇಚ್ಛೆಯಿಂದ ತಪ್ಪೊಪ್ಪಿಕೊಂಡಿದ್ದಾನೆ, ಒಟ್ಟು 1,500 ರೂಪಾಯಿ ದಂಡ, ಕಟ್ಟಿದ್ದಾನೆ. ಕೆಳಗೆ ಅವನದೇ ಸಹಿ, ಇಪ್ಪತ್ತಮೂರನೇ ವಯಸ್ಸಿನ ಸಹಿ.

ಹಳೇ ಕಡತ ಸಿಕ್ಕಿದ್ದು ನಮ್ಮ ಪುಣ್ಯ. ಕೋರ್ಟುಗಳು ಎಲ್ಲವನ್ನೂ ಎಂದೆಂದಿಗೂ ಇಟ್ಟುಕೊಳ್ಳಲ್ಲ. ಕಾಗದಗಳನ್ನ ದರ್ಜೆ ಮಾಡಿ, ಕೆಲವನ್ನ ಶಾಶ್ವತವಾಗಿ ಇಡ್ತಾರೆ, ಕೆಲವನ್ನ ಗೊತ್ತಾದ ವರ್ಷ ಕಳೆದ ಮೇಲೆ ನಾಶ ಮಾಡ್ತಾರೆ. ಅದಕ್ಕೆ 1917ರಷ್ಟು ಹಳೆಯ ಕಾಯ್ದೆಯೇ ಇದೆ. ನಿಮ್ಮ ಹೆಸರಿನ ಮೇಲೆ ಯಾವತ್ತೋ ಮುಗಿದ ಕೇಸಿದ್ದರೆ ಪ್ರಮಾಣಿತ ಪ್ರತಿ ಈಗಲೇ ತೆಗೆದು ಇಟ್ಟುಕೊಳ್ಳಿ. ಅಮೆರಿಕದ ಪೌರತ್ವದ ಅರ್ಜಿಯಲ್ಲಿ ಜಗತ್ತಿನ ಯಾವುದೇ ದೇಶದಲ್ಲಿ ಆದ ಬಂಧನ, ಶಿಕ್ಷೆ ಎರಡನ್ನೂ ಕೇಳ್ತಾರೆ, ಕೋರ್ಟಿನ ಪ್ರಮಾಣಿತ ಕಾಗದ ತೋರಿಸಿ ಅಂತಾರೆ. ಅಲ್ಲಿ ಕೂತು ನಾಸಿಕ್‌ನ ಕಡತ ತರಿಸೋದು ಇಲ್ಲಿಂದ ಹೋಗಿ ತರೋದಕ್ಕಿಂತ ಹತ್ತು ಪಟ್ಟು ಕಷ್ಟ.

ಗುರುವಾರ ಮತ್ತೆ ನಾಸಿಕ್. ಅಪ್ಪಣೆ ಆಗಿತ್ತು. ಇಪ್ಪತ್ತಕ್ಕೂ ಹೆಚ್ಚು ಪುಟದ ಮರಾಠಿ ತೀರ್ಪು, ಪ್ರತಿ ಪುಟಕ್ಕೂ ಮುದ್ರೆ. ಮೊದಲ ಪುಟದಲ್ಲೇ ನಮಗೆ ಬೇಕಾದ್ದು ಇತ್ತು: ಆರೋಪಿಯ ತಂದೆ ಹೆಸರು, ವಯಸ್ಸು ನಲವತ್ತೊಂದು, ಧಂದಾ ಮಜೂರಿ, ರಾ. ಒಂದು ಹಳ್ಳಿ. ನನ್ನ ತಮ್ಮನಿಗೆ ಆಗ ಇಪ್ಪತ್ತನಾಲ್ಕು. ಮುಗೀತು ನಮ್ಮ ಕೆಲಸ.

ತಮ್ಮ ಅಲ್ಲೇ ಕಟ್ಟೆ ಮೇಲೆ ಕೂತು ಹಣೆ ಒರೆಸಿಕೊಂಡ. ನಾನು ಹಾಳೆ ತಿರುವ್ತಾ ಹೋದೆ. ಯಾಕೋ ಕೊನೇ ಪುಟ ನೋಡಬೇಕು ಅನಿಸ್ತು. ಹೊಲದ ಬದುವಿನ ಜಗಳ. ಸಾಕ್ಷಿಗಳು ಫಿತೂರ್, ಅಂದ್ರೆ ಪ್ರತಿಕೂಲ. ಗಾಯಾಳು ತಾನೇ ಹೊಡೆದವರು ಯಾರೆಂದು ಗುರುತಿಸಲಿಲ್ಲ. ಕೊನೇ ಪುಟದಲ್ಲಿ 'ನಿರ್ದೋಷ ಮುಕ್ತತಾ'. ಆ ಮನುಷ್ಯ ಬಿಡುಗಡೆ ಆಗಿದ್ದ. ಆದರೆ ಜಾಮೀನು ಸಿಗೋ ತನಕ ತಿಂಗಳುಗಟ್ಟಲೆ ಜೈಲಿನಲ್ಲಿದ್ದ ಅಂತಲೂ ಅದರಲ್ಲೇ ಇತ್ತು.

ಆ ಕಟ್ಟೆ ಮೇಲೆ ನನ್ನ ಕೈಯಲ್ಲಿ ಎರಡು ಕಾಗದ ಇದ್ವು. ಕೊಲೆಯತ್ನದ ಆರೋಪ ಹೊತ್ತವನು ಕಾನೂನಿನ ಕಣ್ಣಲ್ಲಿ ನಿರಪರಾಧಿ. ನನ್ನ ತಮ್ಮ, ನಮ್ಮ ಮನೆಯ ಮಗ, ಶಿಕ್ಷೆ ಆದವನು. ಮೂರು ದಿನದಿಂದ ನಾನು ಎಲ್ಲರ ಹತ್ತಿರ 'ಆ ಕ್ರಿಮಿನಲ್ ಇವನಲ್ಲ' ಅಂತ ಹೇಳ್ತಾ ಬಂದಿದ್ದೆ. ಆ ಮಾತು ನನಗೇ ಚುಚ್ಚಿತು. ವೆರಿಫಿಕೇಷನ್‌ನವರು ತಮ್ಮನಿಗೆ ಮಾಡಿದ್ದನ್ನೇ ನಾನು ಆ ಮನುಷ್ಯನಿಗೆ ಮಾಡಿದ್ದೆ. ಹೆಸರು ಮತ್ತು ಕಲಮು ನೋಡಿ ತೀರ್ಪು ಕೊಟ್ಟಿದ್ದೆ.

ಇದು ನಮ್ಮಿಬ್ಬರದೇ ಕಥೆ ಅಲ್ಲ. ಛಾಪಾ ಕಾಗದದ ಹಗರಣದ ಅಬ್ದುಲ್ ಕರೀಂ ತೆಲಗಿ ನಿಮಗೆಲ್ಲ ಗೊತ್ತು, ನಮ್ಮ ಬೆಳಗಾವಿಯ ಖಾನಾಪುರದವನು. ಅವನ ಕಥೆಗೂ ನಾಸಿಕ್‌ಗೂ ನಂಟು, ಅಲ್ಲಿ ಇಂಡಿಯಾ ಸೆಕ್ಯುರಿಟಿ ಪ್ರೆಸ್ ಇದೆ. 2007ರಲ್ಲಿ ಪುಣೆಯ ವಿಶೇಷ ಕೋರ್ಟು ಅವನಿಗೆ ಶಿಕ್ಷೆ ಕೊಟ್ಟಿತು. 2017ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡ. ಅದಾಗಿ ವರ್ಷದ ಮೇಲೆ, 2018ರ ಡಿಸೆಂಬರ್ 31ರಂದು, ಬೇರೊಂದು ಕೇಸಿನಲ್ಲಿ ನಾಸಿಕ್ ಕೋರ್ಟು ಅವನನ್ನೂ ಉಳಿದವರನ್ನೂ ಪುರಾವೆ ಇಲ್ಲ ಅಂತ ಬಿಡುಗಡೆ ಮಾಡಿತು. ಪುಣೆಯ ಕಡತ ಮಾತ್ರ ಓದಿದವನಿಗೆ ಒಂದು ಉತ್ತರ, ನಾಸಿಕ್‌ನದ್ದು ಮಾತ್ರ ಓದಿದವನಿಗೆ ಇನ್ನೊಂದು. ಒಂದು ಇನ್ನೊಂದನ್ನ ಅಳಿಸಲ್ಲ. ದಾಖಲೆ ಅನ್ನೋದು ಮನುಷ್ಯನದ್ದಲ್ಲ, ಒಂದೊಂದು ಕೇಸಿನದ್ದು.

ಮೇಲ್ಮನವಿಯ ವಿಷಯವೂ ಇದೆ. ಜಿಲ್ಲಾ ಕೋರ್ಟಿನ ತೀರ್ಪೇ ಕೊನೆ ಅಲ್ಲ. ನಾಸಿಕ್‌ನ ಮೇಲ್ಮನವಿ ಮುಂಬೈ ಹೈಕೋರ್ಟಿನ ಮುಖ್ಯ ಪೀಠಕ್ಕೆ ಹೋಗುತ್ತೆ. ಸಂಭಾಜಿನಗರದ್ದು ಅದೇ ಊರಲ್ಲಿರೋ ಹೈಕೋರ್ಟ್ ಪೀಠಕ್ಕೆ. ಅದು 1981ರಲ್ಲಿ ಶುರುವಾದದ್ದು. ಹೈಕೋರ್ಟಿನ ತಾಣದಲ್ಲಿ ಪೀಠ ಆರಿಸಿ ಅಲ್ಲೂ ನೋಡದೆ 'ಇದೇ ಅಂತಿಮ' ಅನ್ನಬೇಡಿ.

ಏನು ಸಿಗುತ್ತೆ, ಏನು ಸಿಗಲ್ಲ ಅನ್ನೋದನ್ನ ಬೇಗ ಹೇಳ್ತೀನಿ. ಎಫ್‌ಐಆರ್ ಅನ್ನ 24 ಗಂಟೆಯೊಳಗೆ ಜಾಲತಾಣಕ್ಕೆ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ. ಲೈಂಗಿಕ ಅಪರಾಧ, ಭಯೋತ್ಪಾದನೆ ಥರದ ಸೂಕ್ಷ್ಮ ಪ್ರಕರಣ ಬಿಟ್ಟು. ಮಹಾರಾಷ್ಟ್ರ ಪೊಲೀಸರ ನಾಗರಿಕ ತಾಣದಲ್ಲಿ ಜಿಲ್ಲೆ, ಠಾಣೆ, ದಿನಾಂಕ ಕೊಟ್ಟು ನೋಡಬಹುದು. ಚಾರ್ಜ್‌ಶೀಟ್ ಮಾತ್ರ ಹಾಗೆ ಎಲ್ಲರಿಗೂ ತೆರೆದಿಡೋ ಕಾಗದ ಅಲ್ಲ ಅಂತ 2023ರ ಜನವರಿಯಲ್ಲಿ ಅದೇ ಕೋರ್ಟು ಹೇಳಿತು. ಕೋರ್ಟಿನ ಕಡತಕ್ಕೆ ಆರ್‌ಟಿಐ ಹಾಕೋದೂ ಉಪಯೋಗ ಇಲ್ಲ, ಹೈಕೋರ್ಟಿನ ನಿಯಮದ ಪ್ರಕಾರವೇ ನಕಲು ಪಡೀಬೇಕು ಅಂತ 2020ರ ತೀರ್ಪಿದೆ. ಬಾಲಾಪರಾಧಿಗಳ ಕೇಸು, ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಹೆಸರು ಮುಚ್ಚಿರುತ್ತೆ. ಮುಚ್ಚಿರಬೇಕು. ಅದನ್ನ ಬಗೆಯೋಕೆ ಹೋಗಬೇಡಿ.

ಇನ್ನು ಎಲ್ಲವೂ ತೆರೆದಿರಬೇಕಾ ಅನ್ನೋ ಪ್ರಶ್ನೆ. ಭಾರತೀಯ ಮೂಲದ ಅಮೆರಿಕದ ಪ್ರಜೆಯೊಬ್ಬರ ಮೇಲೆ ಇಲ್ಲಿ ಮಾದಕ ವಸ್ತುವಿನ ಕೇಸಾಗಿತ್ತು. ಕೆಳಗಿನ ಕೋರ್ಟು ಬಿಟ್ಟಿತು, ಹೈಕೋರ್ಟೂ ಅದನ್ನೇ ಎತ್ತಿಹಿಡೀತು. ಅಮೆರಿಕಕ್ಕೆ ಹೋಗಿ ಕಾನೂನು ಓದಿದ ಮೇಲೂ ಕೆಲಸ ಸಿಗಲಿಲ್ಲ, ಯಾಕಂದ್ರೆ ಹೆಸರು ಹುಡುಕಿದರೆ ಮೊದಲು ಆ ತೀರ್ಪೇ ಬರ್ತಿತ್ತು. ಬಿಡುಗಡೆಯ ತೀರ್ಪೇ ಅವರಿಗೆ ಮುಳುವಾಯ್ತು. 2021ರಲ್ಲಿ ದೆಹಲಿ ಹೈಕೋರ್ಟು ಆ ತೀರ್ಪು ಹುಡುಕಾಟದಲ್ಲಿ ಬರದ ಹಾಗೆ ಮಾಡಿ ಅಂತ ಮಧ್ಯಂತರ ಆದೇಶ ಕೊಟ್ಟಿತು. ಅಂಥವರು ಕೋರ್ಟಿಗೆ ಹೋಗಬಲ್ಲವರು. ನಾಸಿಕ್‌ನ ಆ ಮಜೂರಿಯವನು ಎಲ್ಲಿಗೆ ಹೋಗ್ತಾನೆ? ಅವನ ಮಗ ಕೆಲಸಕ್ಕೆ ಅರ್ಜಿ ಹಾಕಿದರೆ, ಮಗಳ ಸಂಬಂಧ ನೋಡೋಕೆ ಬಂದವರು ಈ-ಕೋರ್ಟ್ಸ್ ತೆಗೆದರೆ, ಅವರಿಗೆ ಕಾಣೋದು 307 ಮತ್ತು 'ಡಿಸ್ಪೋಸ್ಡ್'. ಕೊನೇ ಪುಟ ತರೋಕೆ ಅವರ ಹತ್ತಿರ ಕಾರೂ ಇಲ್ಲ, ರಜೆಯೂ ಇಲ್ಲ.

ನಮ್ಮ ಕಥೆ ಮುಗಿಸ್ತೀನಿ. ಗುರುವಾರ ರಾತ್ರಿ ಪುಣೆಗೆ ವಾಪಸ್ ಬರುವಾಗ ತಮ್ಮ ಕೇಳಿದ, "ಅಣ್ಣಾ, ನಾಸಿಕ್‌ದು ಒಂದ ಕಳಿಸಿದ್ರ ಸಾಕಲ್ಲ? ಅವರು ಕೇಳಿದ್ದು ಅದನ್ನ ಅದ."

ನಾನು ತಕ್ಷಣ ಉತ್ತರ ಕೊಡಲಿಲ್ಲ. ನಿಜ ಹೇಳ್ತೀನಿ, ನನಗೂ ಅದೇ ಆಸೆ ಬಂದಿತ್ತು. ಸಂಭಾಜಿನಗರದ್ದು ಅವರಿಗೆ ಸಿಕ್ಕಿರಲಿಲ್ಲ, ಮುಂದೆ ಸಿಗದೇನೂ ಇರಬಹುದಿತ್ತು. ಮನೆ ಸಾಲ ಇದೆ, ಹಳೇ ಕೆಲಸ ಬಿಟ್ಟಾಗಿದೆ. ಆಮೇಲೆ ಅವನೇ ಅಂದ, "ಬ್ಯಾಡ, ಎರಡೂ ಕಳಸ್ತೀನಿ. ಇನ್ನೊಂದ್ಸಲ ಇಂಥಾ ಶುಕ್ರವಾರ ನನಗ ಬ್ಯಾಡ."

ಶುಕ್ರವಾರ ಎರಡು ಪಿಡಿಎಫ್ ಕಳಿಸಿದ. ಒಂದಕ್ಕೆ 'ಇದು ನಾನಲ್ಲ, ಈ ವ್ಯಕ್ತಿಯೂ ನಿರ್ದೋಷಿ ಎಂದು ಬಿಡುಗಡೆಯಾಗಿದ್ದಾರೆ' ಅಂತ ಬರೆದ. ಆ ಎರಡನೇ ಮಾತು ಬರೆಯೋದು ಅಗತ್ಯ ಇರಲಿಲ್ಲ, ಅವನೇ ಸೇರಿಸಿದ. ಇನ್ನೊಂದಕ್ಕೆ 'ಇದು ನಾನು, ಅರ್ಜಿಯಲ್ಲಿ ತಪ್ಪಾಗಿ ಇಲ್ಲ ಎಂದು ಬರೆದಿದ್ದೆ' ಅಂತ. ಹದಿನೆಂಟು ದಿನ ಆ ಕಡೆಯಿಂದ ಸದ್ದಿಲ್ಲ. ಆ ಹದಿನೆಂಟು ದಿನ ಅವನು ನಮ್ಮ ಮನೆಯಲ್ಲೇ ಇದ್ದ, ಸರಿಯಾಗಿ ಊಟ ಮಾಡಲಿಲ್ಲ. ಹತ್ತೊಂಬತ್ತನೇ ದಿನ ಸೇರೋ ಹೊಸ ತಾರೀಖು ಬಂತು. ಅವತ್ತೇ ಅವ್ವಗೆ ಫೋನ್ ಮಾಡಿ ವಾಳೂಜ್‌ನ ಅಜ್ಜನ ಕಥೆ ಹೇಳಿದ. ಅವ್ವ ಅಂಜಲಿಲ್ಲ. "ಆ ಅಜ್ಜನ ಮನಿಗಿ ಹೋಗಿ ಮಾತಾಡಿಸಿ ಬಂದಿದ್ದೇನು?" ಅಂತ ಕೇಳಿದಳು, ಅಷ್ಟೇ. ಅವನ ಹತ್ತಿರ ಉತ್ತರ ಇರಲಿಲ್ಲ.

ನಿಮ್ಮಲ್ಲಿ ಎರಡು ಥರದವರಿದ್ದೀರಿ. ಕಾಗದ ಕೊಡಬೇಕಾದವರಿಗೆ ನನ್ನ ಮಾತು ಇಷ್ಟು: ಅರ್ಜಿಯ ಪ್ರಶ್ನೆ ಎರಡು ಸಲ ಓದಿ. ಬಂಧನ ಆಗಿದೆಯಾ, ಕೇಸು ಬಾಕಿ ಇದೆಯಾ, ಶಿಕ್ಷೆ ಆಗಿದೆಯಾ, ಇವು ಮೂರು ಬೇರೆ ಬೇರೆ ಪ್ರಶ್ನೆ. ಕೋರ್ಟಿನಲ್ಲಿ ಕಟ್ಟಿದ ದಂಡ ಶಿಕ್ಷೆಯೇ. ಅನುಮಾನ ಇದ್ದರೆ ಒಬ್ಬ ವಕೀಲರನ್ನ ಕೇಳಿ.

ಇನ್ನು ಕೆಲಸ ಕೊಡೋರು, ಮನೆ ಬಾಡಿಗೆಗೆ ಕೊಡೋರು, ಗಂಡು ಹೆಣ್ಣು ನೋಡೋರು. ಪರದೆ ಮೇಲೆ ಒಂದು ಹೆಸರು ಕಂಡರೆ ಅಲ್ಲೇ ನಿಲ್ಲಬೇಡಿ. ಸಿಎನ್‌ಆರ್ ಕೇಳಿ, ತಂದೆ ಹೆಸರು, ವಯಸ್ಸು ಹೊಂದುತ್ತಾ ನೋಡಿ, ಕೊನೇ ಪುಟ ಓದಿ. ಅಷ್ಟು ಮಾಡೋಕೆ ಸಮಯ ಇಲ್ಲ ಅಂದ್ರೆ, ಆ ಹೆಸರಿನ ಬಗ್ಗೆ ಯಾರ ಹತ್ತಿರವೂ ಏನೂ ಹೇಳಬೇಡಿ.

ನಾಸಿಕ್‌ನ ಆ ತೀರ್ಪು ಇನ್ನೂ ನನ್ನ ಕಪಾಟಿನಲ್ಲಿದೆ. ವಿಳಾಸ ಇದೆ, ಹೋಗಿ ಕೊಟ್ಟು ಬರೋಣ ಅಂತ ತಮ್ಮ ಎರಡು ಸಲ ಅಂದ. ನಾನು ಬೇಡ ಅಂದೆ. ಮರೆಯೋಕೆ ಪ್ರಯತ್ನಿಸ್ತಿರೋ ಮನುಷ್ಯನ ಬಾಗಿಲು ತಟ್ಟಿ ಅದನ್ನೇ ನೆನಪಿಸೋದು ಸರಿಯಲ್ಲ ಅನಿಸ್ತು. ಸರಿ ಮಾಡಿದೆನೋ ಇಲ್ಲವೋ ಗೊತ್ತಿಲ್ಲ. ನಿಮಗೆ ಬೇರೆ ಅನಿಸಿದರೆ ಹೇಳಿ.